ಆರು ದಿನ ಇಟ್ಟುಕೊಂಡ ಕಾರ್ಡು

ಜುಲೈ 1, ಮಂಗಳವಾರ

ಸಂಬಳ ಬಂತು. ಧಾರವಾಡದಿಂದ ಬರುತ್ತ ಚಿಗರಿ ಬಸ್ಸಿನಲ್ಲಿ ನವನಗರ ದಾಟುವಾಗ ಬ್ಯಾಂಕಿನ ಮೆಸೇಜು. ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಅತ್ತೆಯ ಕೈಗೆ ಸಾವಿರದ ಐನೂರು. ಎಣಿಸಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡರು.

"ಈ ತಿಂಗ್ಳ ಏನ್ ತಗೋತಿ?"

"ಇನ್ನಾ ನೋಡಿಲ್ರಿ ಅತ್ತ್ಯಾರ."

"ನೋಡಬ್ಯಾಡ. ನೋಡಿದ್ರಽ ಖರ್ಚು."

ಹದಿನಾಲ್ಕನೇ ತಿಂಗಳು ಇದು. ಒಂದು ಸಲವೂ ಮೀರಿಲ್ಲ. ಮೂವತ್ತೆಂಟು ವರ್ಷದ ಹೆಂಗಸು, ಧಾರವಾಡದಲ್ಲಿ ಕಾಲೇಜು ಲೈಬ್ರರಿಯ ಕೆಲಸ, ಆಟಗಾರರ ಚಿತ್ರದ ಕ್ರಿಕೆಟ್ ಕಾರ್ಡು ಕೊಳ್ಳಲು ಅತ್ತೆಯ ಮುಂದೆ ಕೈಯೊಡ್ಡುತ್ತಾಳೆ. ನಗುವವರು ನಗಲಿ. ಹೋದ ವರ್ಷ ಒಂದೇ ವಾರದಲ್ಲಿ ಹನ್ನೊಂದು ಬಾಕ್ಸು ಕಾರ್ಡು ಕೊಂಡು ಒಡೆದು, ಕೈಯ ಬಂಗಾರದ ಬಿಲ್ವಾರ ಅಡವಿಟ್ಟವಳೂ ನಾನೇ. ಇವರು, ನನ್ನ ಗಂಡ ಶಂಭುಲಿಂಗ, ನಾಲ್ಕು ದಿನ ಮಾತಾಡಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು. ಕೊನೆಗೆ ದಾರಿ ತೋರಿಸಿದ್ದು ಅತ್ತೆ. ಕಾರ್ಡಿನ ರೊಕ್ಕ ನನ್ನ ಕೈಯಾಗಿರಲಿ, ಬೇಕಾದಾಗ ಕೇಳು, ಮುಗೀತಂದ್ರ ಮುಗೀತು. ಅಷ್ಟೇ. ಯಾವ ಆ್ಯಪೂ ಮಾಡದ ಕೆಲಸ ಅತ್ತೆ ಮುರಿಗೆವ್ವನ ಸೆರಗು ಮಾಡಿತು.

ಶಮೀಮಳ ಮೆಸೇಜು ಬಂದಿದೆ. "ಈ ತಿಂಗ್ಳೂ ಸೊನ್ನಿ ಅಕ್ಕಾರ." ಅವಳದು ವಿಜಯಪುರ, ಆಸ್ಪತ್ರೆಯಲ್ಲಿ ನರ್ಸು. ನಮ್ಮ ಕಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ ಸಿಕ್ಕವಳು, ಮುಖ ನೋಡಿಲ್ಲ. ಪ್ರತಿ ಒಂದನೇ ತಾರೀಖು ಒಬ್ಬರಿಗೊಬ್ಬರು ಖರ್ಚು ಹೇಳಿಕೊಳ್ಳುತ್ತೇವೆ, ಸುಳ್ಳು ಹೇಳಬಾರದು ಎಂದು ಕರಾರು. ಹದಿನೆಂಟು ತಿಂಗಳಿಂದ ಅವಳು ಒಂದೇ ಒಂದು ಕಾರ್ಡು ಕೊಂಡಿಲ್ಲ. ಒಂದಕ್ಕಾಗಿ ಕೂಡಿಸುತ್ತಿದ್ದಾಳೆ. ಒಬ್ಬ ಎಡಗೈ ಬೌಲರ್ ಹುಡುಗಿಯದು. ಹೆಸರು ಬರೆಯುವುದು ಬೇಡ, ದೃಷ್ಟಿ ತಾಗೀತು.

ಜುಲೈ 5, ಶನಿವಾರ

ಸಿಕ್ಕಿತು! ನನಗಲ್ಲ. ಶಮೀಮಳಿಗೆ.

ಬೆಳಗಾವಿಯ ಪ್ರಾಚಿ ಎನ್ನುವ ಹುಡುಗಿ ಮಾರುತ್ತಿದ್ದಾಳೆ. ತಾನೂ ಜಿಲ್ಲಾ ಮಟ್ಟದಲ್ಲಿ ಆಡಿದವಳಂತೆ, ಮೊಣಕಾಲು ಆಪರೇಶನ್ನಿಗೆ ದುಡ್ಡು ಬೇಕು. ಆ ಬೌಲರ್ ಹುಡುಗಿಯ ಮೊದಲ ವರ್ಷದ ಕಾರ್ಡು, ಅವಳೇ ಪೆನ್ನಿನಿಂದ ಸಹಿ ಮಾಡಿದ್ದು. ಇಡೀ ಲೋಕದಲ್ಲಿ ಇಪ್ಪತ್ತೈದು, ಇದು ಏಳನೆಯದು. ಅರವತ್ತು ಸಾವಿರ.

ಇಬ್ಬರೂ ನನ್ನನ್ನೇ ಮಿಡಲ್‌ಮ್ಯಾನ್ ಆಗಲು ಕೇಳಿದರು. ಅಂದರೆ ಕೊಳ್ಳುವವರು ದುಡ್ಡು ನನಗೆ ಹಾಕುತ್ತಾರೆ, ಮಾರುವವರು ಕಾರ್ಡು ನನಗೆ ಕಳಿಸುತ್ತಾರೆ. ನಾನು ಪರೀಕ್ಷೆ ಮಾಡಿ ಕಾರ್ಡು ಕೊಂಡವರಿಗೆ, ಅದು ಮುಟ್ಟಿದ ಮೇಲೆ ದುಡ್ಡು ಮಾರಿದವರಿಗೆ. ಮೂವತ್ತೊಂದು ಸಲ ಮಾಡಿದ್ದೇನೆ. ಒಂದೂ ತಪ್ಪಿಲ್ಲ. ಕಮಿಶನ್ ತೆಗೆದುಕೊಳ್ಳುವುದಿಲ್ಲ. ಗ್ರೂಪಿನಲ್ಲಿ ಎಲ್ಲರೂ ಎಷ್ಟು ದೊಡ್ಡ ಮನಸ್ಸು ಅನ್ನುತ್ತಾರೆ.

ಖರೆ ಹೇಳಬೇಕೆಂದರೆ ಮನಸ್ಸು ದೊಡ್ಡದಲ್ಲ, ಆಸೆ ದೊಡ್ಡದು. ನನ್ನ ಸಾವಿರದ ಐನೂರರಲ್ಲಿ ಎಂದೂ ಬಾರದ ಕಾರ್ಡುಗಳು ಎರಡು ದಿನ ನನ್ನ ಮೇಜಿನ ಮೇಲಿರುತ್ತವೆ. ಬಜೆಟ್ ಮುರಿಯದೆ ಮುಟ್ಟಿ ನೋಡಲು ಇದೊಂದೇ ದಾರಿ. ಇದನ್ನು ಯಾರಿಗೂ ಹೇಳಿಲ್ಲ.

ಶಮೀಮಳ ಅರವತ್ತು ಸಾವಿರ ನನ್ನ ಖಾತೆಗೆ ಬಂದು ಬಿತ್ತು.  ಪರರ ದುಡ್ಡು.

ಜುಲೈ 8, ಮಂಗಳವಾರ, ಸಂಜೆ 7.15

ಬಂತು. ಕೈ ಸೋಪು ಹಚ್ಚಿ ತೊಳೆದು, ಒರೆಸಿ, ಆರಿಸಿ... ಆಮೇಲೆ ಸ್ಕ್ರೂ ಹಾಕಿದ ಪ್ಲಾಸ್ಟಿಕ್ ಕೇಸು ಬಿಚ್ಚಿದೆ. ಭೂತಗನ್ನಡಿಯಲ್ಲಿ ನಾಲ್ಕೂ ಮೂಲೆ ನೋಡಿದೆ. ಸರಿ ಇದೆ. ಅಸಲಿ. ಫೋಟೋ ತೆಗೆದು ಇಬ್ಬರಿಗೂ ಕಳಿಸಿದೆ.

ಶಮೀಮ ವಾಯ್ಸ್ ಮೆಸೇಜು ಹಾಕಿದಳು. ಹಿಂದೆ ವಾರ್ಡಿನ ಗದ್ದಲ. "ಅಕ್ಕಾರ, ಫೋಟೋ ಹತ್ತ ಸಲ ನೋಡಿದೆನ್ರಿ. ನಾಳೆನಽ ಕೊರಿಯರ್ ಹಚ್ಚಿಬಿಡ್ರಿ."

ನಾಳೆಯೇ.

ಜುಲೈ 9, ಬುಧವಾರ

ಹಚ್ಚಲಿಲ್ಲ.

ಕೊರಿಯರ್ ಆಫೀಸು ಬಸ್ ಸ್ಟಾಪಿನ ಎದುರಿಗೇ ಇದೆ. ಶಟರ್ ಮೇಲಿತ್ತು. ಒಳಗೆ ಇಬ್ಬರು ನಿಂತಿದ್ದರು. ಕಾರ್ಡು ಬ್ಯಾಗಿನಲ್ಲಿತ್ತು. ಬಸ್ಸಿಗೆ ಹತ್ತು ನಿಮಿಷವಿತ್ತು. ಆದರೂ ಹೋಗಲಿಲ್ಲ. ಇನ್ನೊಂದು ಸಂಜೆ ನೋಡೋಣ, ಅಷ್ಟೇ ಅಂದುಕೊಂಡೆ.

ಶಮೀಮ ಕೇಳಿದಳು. "ಇವತ್ತು ಆಫೀಸು ಬಂದ್ ಇತ್ತು" ಎಂದು ಬರೆದೆ. ಬೆರಳು ತಡವರಿಸಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು. ಕರಾರು ಮಾಡಿದವಳು ನಾನೇ.

ಜುಲೈ 10, ಗುರುವಾರ

ಪ್ರಾಚಿಯ ಫೋನು. ಆಪರೇಶನ್ ಶನಿವಾರಕ್ಕೇ ನಿಗದಿಯಾಗಿದೆ, ಆಸ್ಪತ್ರೆಯವರು ಮೊದಲೇ ಕಟ್ಟಿ ಅನ್ನುತ್ತಿದ್ದಾರೆ. ಅಳು ದನಿ. ಕಾರ್ಡು ಮುಟ್ಟುವವರೆಗೆ ದುಡ್ಡು ಕೊಡುವಂತಿಲ್ಲ, ಅದು ನಿಯಮ. ಶಮೀಮಳನ್ನು ಕೇಳಿದೆ.

"ಕೊಟ್ಟುಬಿಡ್ರಿ ಅಕ್ಕಾರ. ಪಾಪ, ಕಾಲಿನ ವಿಷಯ. ನೀವು ನೋಡೀರಿ ಅಂದಮ್ಯಾಲ ನಾ ನೋಡಿದಂಗಽ ಅಲ್ರಿ."

ಕೊಟ್ಟೆ. ಈಗ ನನ್ನ ಬಳಿ ದುಡ್ಡಿಲ್ಲ, ಕಾರ್ಡು ಮಾತ್ರ ಇದೆ. ಕಾರ್ಡು ಶಮೀಮಳದು. ಪೂರ್ತಿ ಅವಳದೇ. ಎಲ್ಲ ಗೊತ್ತಿದ್ದೂ ಊಟವಾದ ಮೇಲೆ ಕೇಸಿನಿಂದ ತೆಗೆದು ಮತ್ತೆ ಅರ್ಧ ಗಂಟೆ ನೋಡಿದೆ. ಏನಿದು? ಕುಡುಕರು ಹೀಗೇ ಇರುತ್ತಾರೇನೋ.

ಜುಲೈ 12, ಶನಿವಾರ

ಎರಡನೇ ಶನಿವಾರ, ರಜೆ. ಜಡಿಮಳೆ. ಓಣಿಯಲ್ಲಿ ನೀರು. "ಮಳೆಯಲ್ಲಿ ಕಳಿಸುವುದು ಬೇಡ, ಸೋಮವಾರ ಹಚ್ಚುತ್ತೇನೆ" ಎಂದು ಶಮೀಮಳಿಗೆ ಬರೆದೆ. ಇದು ಅರ್ಧ ಖರೆ.

"ಹೂಂರಿ, ನೀವು ಹೆಂಗ ಹೇಳ್ತೀರಿ ಹಂಗ" ಅಂದಳು.

ಇವರು ಅಮರಗೋಳದ ಮಾರ್ಕೆಟ್ಟಿನ ಕೆಲಸ ಮುಗಿಸಿ ತೊಯ್ದು ಬಂದರು. ಹತ್ತಿಕಾಳಿನ ಚೀಲಕ್ಕೆ ತಾಡಪತ್ರಿ ಸಾಲಲಿಲ್ಲವಂತೆ. ನಾನು ಮೇಜಿನ ಮುಂದೆ ಇದ್ದದ್ದು ನೋಡಿ, "ಹೊಸಾದೇನು?" ಅಂದರು. ಅಲ್ಲ, ಬೇರೆಯವರದು ಅಂದೆ. "ಬ್ಯಾರೇದವ್ರದು ಅಂದ್ರ ಲಗೂ ಕಳಿಸು ಮತ್ತ" ಎಂದು ತಲೆ ಒರೆಸಿಕೊಳ್ಳುತ್ತ ಒಳಗೆ ಹೋದರು. ಶಂಭುಲಿಂಗ ಅವರ ಬಾಯಿಂದ ಬಂದ ಉಪದೇಶ ಇಷ್ಟೇ. ಇದಕ್ಕಿಂತ ಒಳ್ಳೆಯದು ಯಾರೂ ಹೇಳಲಾರರು.

ಜುಲೈ 14, ಸೋಮವಾರ, ಬೆಳಿಗ್ಗೆ 8.05

ಕೊನೇ ಸಲ ಎಂದು ತೆಗೆದು ನೋಡುತ್ತ ಕುಳಿತೆ, ಹೊತ್ತು ಹೋಯಿತು. ಕೇಸಿನ ಸ್ಕ್ರೂ ಕೂರಿಸುತ್ತ ನಿಂತರೆ ಬಸ್ಸು ತಪ್ಪುತ್ತದೆ. ತೆಳ್ಳನೆ ಪ್ಲಾಸ್ಟಿಕ್ ಕವರಿನಲ್ಲೇ ಹಾಕಿ ಕಪಾಟಿನಲ್ಲಿ ಆಧಾರ್, ರೇಶನ್ ಕಾರ್ಡು ಇರುವ ಫೈಲಿನಲ್ಲಿಟ್ಟೆ. ಅದಕ್ಕಿಂತ ಭದ್ರ ಜಾಗ ಈ ಮನೆಯಲ್ಲಿಲ್ಲ. ಸಂಜೆ ಬೇಗ ಬಂದು ಕೊರಿಯರ್. ಖಂಡಿತ.

ಜುಲೈ 14, ಸಂಜೆ 6.40

ಕಾಲು ಕೂಡ ತೊಳೆಯದೆ ಬರೆಯಲು ಕುಳಿತಿದ್ದೇನೆ. 

ಬಂದೆ. ಅತ್ತೆ ಪಡಸಾಲೆಯಲ್ಲಿ ಕೂತಿದ್ದರು, ಮುಖ ಅರಳಿತ್ತು. ಮುಂದೆ ಚಾಪೆಯ ಮೇಲೆ ಸಾಲಾಗಿ ಐದು ಕಾರ್ಡು. ಎಲ್ಲ ಫಳಫಳ.

"ಬಾ ಬಾ, ನೋಡಿಲ್ಲಿ. ಹೋದ ವರ್ಷ ಮಳಿ ಸೋರಿ ರೇಶನ್ ಕಾರ್ಡ್ ತೊಯ್ದಿತ್ತಲ್ಲಾ. ಈ ಸಲ ನಾನಽ ಹೋಗಿ ಎಲ್ಲಾ ಲ್ಯಾಮಿನೇಶನ್ ಮಾಡ್ಸಿಕೊಂಡು ಬಂದೆ. ಇಂಡಿಪಂಪ್ ಸರ್ಕಲ್ಲಿನ ಗುರುಸಿದ್ದಯ್ಯನ ಅಂಗಡ್ಯಾಗ. ನಾಕ್ ಮಾಡ್ಸಿದ್ರ ಐದನೇದ್ದು ಪುಕ್ಕಟ ಅಂದ."

ರೇಶನ್ ಕಾರ್ಡು. ಅತ್ತೆಯ ಆಧಾರ್. ಇವರ ಆಧಾರ್. ನನ್ನ ವೋಟರ್ ಕಾರ್ಡು. ಐದನೆಯದು...

ನಾನು ಕುಳಿತೆ. 

"ಈ ಹುಡಿಗಿದು ಯಾರ್ದು? ನಿಮ್ಮ ಕಾಲೇಜಿನಾಕಿನ? ಫೋಟೋ ಐತಿ, ಸಹಿ ಐತಿ, ನಂಬರ್ ಐತಿ. ಗುರ್ತಿನ ಚೀಟಿ ಇದ್ದಂಗೈತಿ ಅಂತ ಇದನ್ನೂ ಕೊಟ್ಟೆ. ತೊಯ್ದ್ರ ಪಾಪ, ಪರೀಕ್ಷಾಕ್ಕ ಕೂಡ್ಸಂಗಿಲ್ಲ ಆಕಿನ್ನ. ಈಗ ನೀರಾಗ ಅದ್ದಿದ್ರೂ ಏನೂ ಆಗಂಗಿಲ್ಲ."

ಅತ್ತೆಗೆ ಇಂಗ್ಲಿಷು ಓದಲು ಬರುವುದಿಲ್ಲ. ನನ್ನ ಕಾರ್ಡುಗಳೆಲ್ಲ ಆಲ್ಬಮ್ಮಿನಲ್ಲಿ ಇರುತ್ತವೆ, ಅವನ್ನು ಅವರು "ಚಿತ್ರ" ಅನ್ನುತ್ತಾರೆ, ಎಂದೂ ಮುಟ್ಟಿಲ್ಲ. ಇದನ್ನು ಸರಕಾರಿ ಕಾಗದದ ನಡುವೆ ಇಟ್ಟವಳು ನಾನು.

ಕಾರ್ಡು ಕೂಡಿಸುವವರು ಒಂದು ಮಾತು ಹೇಳುತ್ತಾರೆ. ಬೆರಳಿನ ಎಣ್ಣೆ ತಾಗಿದರೂ ಬೆಲೆ ಇಳಿಯುತ್ತದೆ. ಇದಕ್ಕೆ ಬಿಸಿ ರೋಲರ್ ತಾಗಿದೆ. ಎರಡೂ ಬದಿ ಅಂಟು ಕರಗಿ ಹತ್ತಿದೆ. ಅರವತ್ತು ಸಾವಿರದ್ದು ಈಗ ಆರು ರೂಪಾಯಿಗೂ ಯಾರಿಗೂ ಬೇಡ.

"ಚಂದ ಆಗೇತಿಲ್ಲೋ?" ಅಂದರು ಅತ್ತೆ.

"ಛಲೋ ಮಾಡಿದ್ರಿ" ಅಂದೆ.

ಯಾಕೆ ಹಾಗಂದೆ? ಅವರ ಮುಖ ಬಾಡುವುದನ್ನು ನೋಡಲು ಧೈರ್ಯವಿರಲಿಲ್ಲ. ಒಳಗೆ ಬಂದು ಬಾಯಿಗೆ ಸೆರಗು ಇಟ್ಟುಕೊಂಡು ಅತ್ತುಬಿಟ್ಟೆ.

ಜುಲೈ 15, ಮಂಗಳವಾರ

ರಜೆ ಹಾಕಿದೆ. ಗುರುಸಿದ್ದಯ್ಯನ ಅಂಗಡಿಗೆ ಹೋದೆ. ಬೈಯಬೇಕೆಂದೇ ಹೋದದ್ದು. ಅವರು ವಿಭೂತಿ ಹಚ್ಚಿಕೊಂಡು ಆಗಷ್ಟೇ ಅಂಗಡಿ ತೆಗೆಯುತ್ತಿದ್ದರು. ನನ್ನನ್ನು ನೋಡಿ, "ಅಮ್ಮಾರು ನಿನ್ನೆ ಬಂದಿದ್ರು, ಎಲ್ಲಾ ಬರೋಬ್ಬರಿ ಆಗ್ಯಾವಿಲ್ರಿ?" ಅಂದರು. ಬೈಯಲು ಹೋದವಳು ಬೇರೆಯೇ ಕೇಳಿದೆ.

"ಒಂದ್ರಾಗ ಸಣ್ಣ ಕವರ್ ಇತ್ತಲ್ರಿ..."

"ಹೌದ್ರಿ, ತಗದು ಹಾಕಿದೆ. ಅದ್ರ ಸುದ್ದಾ ಹಾಕಿದ್ರ ಗುಳ್ಳಿ ಬರ್ತಾವು."

"ತಿರುಗಿ ಬಿಚ್ಚಾಕ ಬರ್ತೈತೇನ್ರಿ?"

ನಕ್ಕರು. ಕೆಟ್ಟ ನಗೆಯಲ್ಲ. "ಯಾರೂ ಬಿಚ್ಚಬಾರ್ದು ಅಂತಽ ಅಲ್ರಿ ಮಾಡೂದು."

ನನ್ನ ಆಲ್ಬಮ್ಮಿನಿಂದ ನಾಲ್ಕು ಕಾರ್ಡು ತಂದಿದ್ದೆ. ಅದೇ ತರಹದ ದಪ್ಪ, ಅದೇ ನುಣುಪು. ಲ್ಯಾಮಿನೇಶನ್ ಮಾಡಿಸಿದೆ, ಬಿಚ್ಚಿ ನೋಡಲು. ಕಣ್ಣೆದುರು ಒಂದೊಂದಾಗಿ ಮಶೀನಿನೊಳಗೆ ಹೋಗಿ ಆ ಕಡೆಯಿಂದ ಬಂದವು. "ಇನ್ನೊಂದು ಇದ್ರ ಕೊಡ್ರಿ ಅಕ್ಕಾರ, ಪುಕ್ಕಟ ಐತಿ" ಅಂದರು. ಅಲ್ಲೇ ಕಣ್ಣು ತುಂಬಿತು. ಮಳೆ ಎಂದು ಮುಖ ಒರೆಸಿಕೊಂಡೆ.

ಶಮೀಮ: "ಹಚ್ಚಿದ್ರ್ಯಾ ಅಕ್ಕಾರ?" ಫೋನು ಬೋರಲಾಗಿಟ್ಟೆ.

ಜುಲೈ 16, ಬುಧವಾರ

ಒಂದನ್ನು ಫ್ರಿಜ್ಜಿನ ಮಂಜಿನಲ್ಲಿಟ್ಟೆ, ಮೂರು ಗಂಟೆ. ಬ್ಲೇಡಿನಿಂದ ಅಂಚು ಬಿಡಿಸಿದೆ, ಎಳೆದೆ. ಚಿತ್ರ ಪ್ಲಾಸ್ಟಿಕ್ಕಿನ ಜೊತೆ ಎದ್ದು ಬಂತು. ಕೆಳಗೆ ಬಿಳೀ ಕಾಗದ. ಎರಡನೆಯದಕ್ಕೆ ಕೂದಲು ಒಣಗಿಸುವ ಡ್ರೈಯರ್ ಹಿಡಿದೆ. ಮೆತ್ತಗಾಯಿತು, ಆಸೆ ಹುಟ್ಟಿತು, ಆಮೇಲೆ ಗುಳ್ಳೆ ಎದ್ದು ಬಣ್ಣ ಕಲೆಸಿತು. ಮೂರನೆಯದಕ್ಕೆ ಇಸ್ತ್ರಿ. ನಾಲ್ಕನೆಯದಕ್ಕೆ ಏನೇನೋ ಎಣ್ಣೆ. ನಾಲ್ಕೂ ಹೋದವು.

ಶಮೀಮಳ ಕಾರ್ಡಿನ ಸಹಿ ಶಾಯಿಯದು. ಮೊದಲು ಏಳುವುದೇ ಅದು. ಬಿಚ್ಚಲಾರೆ. ಹಾಗೇ ಇಟ್ಟರೆ ಕಡೇ ಪಕ್ಷ ಸಹಿ ಕಾಣುತ್ತದೆ.

ಇವರು ಬಂದು, "ಹುಷಾರಿಲ್ಲೇನು? ಊಟಾ ಮಾಡವಲ್ಲಿ" ಅಂದರು. ನನ್ನ ಕೈ ಕಡೆ ನೋಡಿದರು. ಬಿಡಿಸಿ ತಂದ ಬಿಲ್ವಾರ ಇವೆಯೋ ಇಲ್ಲವೋ ಎಂದು ನೋಡಿದರು. ಖರೆ, ನೋಡಿದರು. ಇದ್ದವು. ಊಟಕ್ಕೆ ಹೋದರು.

ಶಮೀಮಳಿಗೆ: "ಮಳೆ ನಿಲ್ಲಲಿ ಅಂತ ಇಟ್ಟುಕೊಂಡಿದ್ದೇನೆ. ಭದ್ರವಾಗಿದೆ."

ಭದ್ರವಾಗಿದೆಯಂತೆ.

ಜುಲೈ 22, ಮಂಗಳವಾರ

ಐದು ದಿನ ಏನೂ ಬರೆಯಲಿಲ್ಲ. ಬರೆಯಲು ಕುಳಿತರೆ ಖರೆ ಬರುತ್ತದೆ, ಅದಕ್ಕೇ.

ಫೋನು ಗುಂಯ್ ಅಂದರೆ ದಿಂಬಿನ ಕೆಳಗೆ ತಳ್ಳುತ್ತೇನೆ. ಲೈಬ್ರರಿಯಲ್ಲಿ ಒಬ್ಬ ಹುಡುಗಿಗೆ ಎರಡು ಸಲ ಅದೇ ಪುಸ್ತಕ ಕೊಟ್ಟೆ. ಗ್ರೂಪು ತೆರೆಯುವುದಿಲ್ಲ. ಅಲ್ಲಿ ಯಾರೋ ಮೊನ್ನೆ, "ದಾಕ್ಷಾಯಿಣಿ ಮೇಡಂ ಕೈಯಲ್ಲಿ ಕಾರ್ಡು ಇದ್ದರೆ ಬ್ಯಾಂಕಿನಲ್ಲಿದ್ದ ಹಾಗೆ" ಎಂದು ಬರೆದಿದ್ದರು. ಹದಿನೈದು ಜನ ಹೆಬ್ಬೆರಳು ಎತ್ತಿದ್ದರು.

ಒಂದು ಸುಳ್ಳು ತಯಾರಾಗಿದೆ. ಕೊರಿಯರ್ ಹಚ್ಚಲು ಹೊರಟಿದ್ದೆ, ಬಸ್ಸಿನ ಗದ್ದಲದಲ್ಲಿ ಪರ್ಸು ಹೋಯಿತು. ದಿನಾ ಯಾರದೋ ಹೋಗುತ್ತದೆ, ನನ್ನದೂ ಹೋಯಿತು. ಹೋದದ್ದಕ್ಕೆ ಯಾರೇನು ಮಾಡುತ್ತಾರೆ? ನಾನು ಅತ್ತರೆ ಶಮೀಮಳೇ ಸಮಾಧಾನ ಮಾಡುತ್ತಾಳೆ. ಅವಳ ಸ್ವಭಾವ ನನಗೆ ಗೊತ್ತು, ಅದನ್ನೇ ನೆಚ್ಚಿಕೊಂಡು ಸುಳ್ಳು ಕಟ್ಟಿದ್ದೇನೆ. ಬರೆಯುವಾಗಲೇ ಅಸಹ್ಯ.

ಆದರೆ ಕಳೆದದ್ದು ಖರೆಯೇ ಕಳೆಯಬೇಕಲ್ಲ. ಸಂಜೆ ಬರುವಾಗ ಉಣಕಲ್ಲಿನಲ್ಲಿ ಇಳಿದೆ. ಕೆರೆಯ ದಂಡೆಗೆ ಹೋದೆ. ಕಾರ್ಡು ಕೈಯಲ್ಲಿ. ಎಸೆಯಬೇಕು, ಅಷ್ಟೇ. ಆಗ ಹೊಳೆಯಿತು, ಇದು ಮುಳುಗುವುದಿಲ್ಲ. ನೆನೆಯುವುದೂ ಇಲ್ಲ. ತೇಲುತ್ತ ಇರುತ್ತದೆ, ಆ ಹುಡುಗಿಯ ಮುಖ ಮೇಲೆ ಮಾಡಿಕೊಂಡು. ಅತ್ತೆ ಹೇಳಿದ್ದು ಬರೋಬ್ಬರಿ. ನೀರಿನಲ್ಲಿ ಅದ್ದಿದರೂ ಏನೂ ಆಗುವುದಿಲ್ಲ.

ವಾಕಿಂಗಿಗೆ ಬಂದ ಯಜಮಾನರೊಬ್ಬರು ನಿಂತರು. "ಯಾರ್ದರ ಗುರ್ತಿನ ಚೀಟಿ ಸಿಕ್ತೇನ್ರಿ? ಪೊಲೀಸ್ ಸ್ಟೇಶನ್ನಿಗೆ ಮುಟ್ಟಸ್ರಿ, ಪಾಪ ಹುಡಿಕ್ಯಾಡ್ತಿರ್ತಾರ."

ಓಡಿದೆ. ನಿಜವಾಗಿ ಓಡಿದೆ. ಸ್ಟಾಪಿಗೆ ಬಂದು ಸಿಕ್ಕ ಬಸ್ಸು ಹತ್ತಿದೆ.

ಜುಲೈ 25, ಶುಕ್ರವಾರ

ಶಮೀಮ ಬರುತ್ತಾಳೆ.

"ಅಕ್ಕಾರ, ಈ ಮಳ್ಯಾಗ ಕೊರಿಯರ್ ನಂಬೂದು ಬ್ಯಾಡ. ರವಿವಾರ ನಂಗ ಡ್ಯೂಟಿ ಇಲ್ಲ. ನಾನಽ ಬಂದು ತಗೊಂಡು ಹೊಕ್ಕೇನಿ. ನಿಮ್ಮ ಮಾರೀನೂ ನೋಡಿದಂಗ ಆಕ್ಕೈತಿ."

ಮೂರು ಸಲ ಓದಿದೆ. ಬೇಡ ಅನ್ನಲು ಕಾರಣ ಹುಡುಕಿದೆ. ಊರಲ್ಲಿಲ್ಲ. ಮೈ ಹುಷಾರಿಲ್ಲ. ಮನೆಯಲ್ಲಿ ಸೂತಕ. ಸೂತಕ! ಯಾರನ್ನು ಸಾಯಿಸಲಿ? ಎದುರಿಗೆ ಅತ್ತೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ನನ್ನ ಬುದ್ಧಿ ಎಲ್ಲಿಗೆ ಹೋಯಿತು ನೋಡಿ ಭಯವಾಯಿತು.

"ಬನ್ನಿ" ಎಂದು ಬರೆದೆ.

ಜುಲೈ 26, ಶನಿವಾರ

ಪರ್ಸಿನ ಸುಳ್ಳನ್ನು ಕನ್ನಡಿಯ ಮುಂದೆ ಹೇಳಿ ನೋಡಿದೆ. ಚೆನ್ನಾಗಿ ಬರುತ್ತದೆ. ಕಣ್ಣೀರೂ ಬರುತ್ತದೆ, ಅದು ಮಾತ್ರ ಖರೆಯದು.

ಇನ್ನೊಂದು ದಾರಿ ಇದೆ. ಸುಳ್ಳೇ ಅಲ್ಲ. "ನಮ್ಮ ಅತ್ತೆ ತಿಳಿಯದೆ ಮಾಡಿಸಿಬಿಟ್ಟರು." ಪ್ರತಿ ಅಕ್ಷರ ನಿಜ. ಎಪ್ಪತ್ತೊಂದು ವರ್ಷದ ಮುದುಕಿ, ಇಂಗ್ಲಿಷು ಬಾರದು, ಯಾರು ಏನನ್ನಲಾದೀತು? ನಾನೂ ಶಮೀಮಳ ಪಕ್ಕ ನಿಂತು ಅಯ್ಯೋ ಅನ್ನಬಹುದು. ಗ್ರೂಪಿನಲ್ಲಿ ನನ್ನ ಹೆಸರಿಗೆ ಕಪ್ಪು ಚುಕ್ಕೆಯೂ ಬೀಳುವುದಿಲ್ಲ. ಮಧ್ಯಾಹ್ನವೆಲ್ಲ ಇದೇ ಸರಿ ಅನಿಸಿತ್ತು.

ಸಂಜೆ ಅತ್ತೆ ಕೇಳಿದರು. "ನಾಳಿ ಬರಾಕಿ ಏನ್ ಉಣ್ತಾಳ? ನಮ್ಮ ಮನ್ಯಾಗ ಮಾಂಸ ಮಾಡಂಗಿಲ್ಲ, ಬೇಸರ ಮಾಡ್ಕೋತಾಳೇನು? ಹೋಳಿಗಿ ಮಾಡ್ತೇನಿ. ನಿನ್ನ ಗೆಳತಿ ಮದಲ್ನೇ ಸಲ ಬರಾಕತ್ತಾಳ."

ಬೇಳೆ ನೆನೆಹಾಕಲು ಎದ್ದರು. ಅವರ ಮೇಲೆ ಹಾಕಿ ನಾನು ಪಾರಾಗುವುದು...

ಅವರು ಮಾಡಿಸಿದ್ದು ಸೋಮವಾರ. ಕಾರ್ಡು ಹೋಗಬೇಕಾಗಿದ್ದು ಅದಕ್ಕೂ ಮೊದಲಿನ ಬುಧವಾರ. ನಡುವಿನ ದಿನಗಳು ನನ್ನವು. ಇದನ್ನು ಹೇಳದೆ ಉಳಿದದ್ದೆಲ್ಲ ಹೇಳಿದರೆ ಅದೂ ಸುಳ್ಳೇ.

ಹೇಳಿದರೆ ಏನಾಗುತ್ತದೆ? ಅರವತ್ತು ಸಾವಿರ ಕೊಡಬೇಕು. ಆಲ್ಬಮ್ಮು ಮಾರಬೇಕು. ಇವರಿಗೆ ಗೊತ್ತಾಗುತ್ತದೆ. ಗ್ರೂಪಿಗೆ ಗೊತ್ತಾಗುತ್ತದೆ. ಇನ್ನು ಮುಂದೆ ಯಾರೂ ನನ್ನ ಕೈಗೆ ಏನೂ ಕೊಡುವುದಿಲ್ಲ. ಇದರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೆ? ಕೊನೆಯದಕ್ಕೆ. ನಾಚಿಕೆ ಬಿಟ್ಟು ಬರೆಯುತ್ತೇನೆ, ಕೊನೆಯದಕ್ಕೆ.

ಜುಲೈ 27, ರವಿವಾರ, ಸಂಜೆ 4.30

ಹೋದಳು. ಈಗ ತಾನೇ ಕಳಿಸಿ ಬಂದೆ.  ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಹನ್ನೊಂದಕ್ಕೆ ಬಂದಳು. ಸಣ್ಣ ಆಳು, ದೊಡ್ಡ ಕನ್ನಡಕ, ಇಪ್ಪತ್ತೇಳಕ್ಕಿಂತ ಹೆಚ್ಚಿಲ್ಲ. ಅತ್ತೆಯ ಕಾಲಿಗೆ ಬಗ್ಗಿದಳು. ಕುಳಿತವಳೇ ಬ್ಯಾಗಿನಿಂದ ಒಂದು ಡಬ್ಬಿ ತೆಗೆದಳು. ಹೊಸ ಕೇಸು. ದಪ್ಪ ಗಾಜಿನಂಥದ್ದು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. "ಕಾರ್ಡ್ ಬಿಟ್ರ ಈ ತಿಂಗ್ಳ ಇದೊಂದಽ ಖರ್ಚು ನೋಡ್ರಿ ಅಕ್ಕಾರ" ಎಂದು ನಕ್ಕಳು.

ಕಾರ್ಡು ತರುತ್ತೇನೆ ಎಂದು ಒಳಗೆ ಹೋದೆ. ಕಪಾಟಿನ ಬಾಗಿಲು ಹಿಡಿದು ನಿಂತೆ. ಪರ್ಸಿನ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಅತ್ತೆ ಅವಳನ್ನು ಕೇಳುತ್ತಿದ್ದರು, ದಿನಾ ಎಷ್ಟು ಮಂದಿ ಪೇಶಂಟ್ ನೋಡ್ತಿಯವ್ವಾ, ಕಾಲು ನೋಯಂಗಿಲ್ಲೇನು. ಶಮೀಮ ನಗುತ್ತಿದ್ದಳು.

ತಂದು ಅವಳ ಮುಂದಿಟ್ಟೆ. ಅವಳು ನೋಡಿದಳು. ಮೊದಲು ಅರ್ಥವಾಗಲಿಲ್ಲ, ಕವರು ಅಂದುಕೊಂಡಳು. ಉಗುರಿನಿಂದ ಅಂಚು ಬಿಡಿಸಲು ಹೋದಳು. ಬಿಡಲಿಲ್ಲ. ಇನ್ನೊಂದು ಅಂಚು ನೋಡಿದಳು. ಆಮೇಲೆ ಕೈ ನಿಂತಿತು.

ಹೇಳಿದೆ. ನಿಂತುಕೊಂಡೇ ಹೇಳಿದೆ. "ಆ ಬುಧವಾರ ಕೊರಿಯರ್ ಆಫೀಸು ಬಂದ್ ಇರ್ಲಿಲ್ಲ ಶಮೀಮ. ತೆರದಿತ್ತು. ನಾನಽ ಹಚ್ಚಲಿಲ್ಲ. ನೋಡಬೇಕಂತ ಇಟ್ಕೊಂಡೆ. ಆರು ದಿನ ಇಟ್ಕೊಂಡೆ. ಕೇಸಿನ ಹೊರಗ ತಗದು ರೇಶನ್ ಕಾರ್ಡಿನ ಜೋಡಿ ಇಟ್ಟಾಕಿನೂ ನಾನಽ."

ಅತ್ತೆಗೆ ಅಷ್ಟರಲ್ಲಿ ತಿಳಿದಿತ್ತು. ಹೋಳಿಗೆಯ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ನಾ ಮಾಡ್ಸಿದ್ದಕ್ಕ ಹಾಳಾತೇನು?" ಅಂದರು. ನನ್ನ ಕಡೆ ತಿರುಗಿದರು. "ಹಾಳಾತೇನಽ ದಾಕ್ಷಾಯಿಣಿ? ನೀ ಛಲೋ ಮಾಡಿದ್ರಿ ಅಂದಿದ್ದೆಲ್ಲ?"

ಹೌದು, ಅಂದಿದ್ದೆ. 

ಶಮೀಮ ಎದ್ದು ಹೋಗಿ ಅವರ ಕೈಯಿಂದ ತಟ್ಟೆ ತೆಗೆದುಕೊಂಡಳು. "ಇರ್ಲಿ ಬಿಡ್ರಿ ಅಮ್ಮಾ. ತೊಯ್ಯಬಾರ್ದು ಅಂತ ಮಾಡೀರಿ. ನಿಮ್ದೇನ್ ತಪ್ಪೈತಿ ಅದ್ರಾಗ."

ನನಗೆ ಇರ್ಲಿ ಬಿಡ್ರಿ ಅನ್ನಲಿಲ್ಲ. ಅನ್ನಬಾರದು ಕೂಡ.

ಕೇಸಿನಲ್ಲಿ ಇಟ್ಟು ನೋಡಿದಳು. ಪ್ಲಾಸ್ಟಿಕ್ಕಿನ ಅಂಚು ಸೇರಿ ಅದು ಕೂರಲಿಲ್ಲ. ಎರಡು ಸಲ ಪ್ರಯತ್ನಿಸಿದಳು. ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು.

ದುಡ್ಡಿನ ಮಾತು ನಾನೇ ತೆಗೆದೆ. ಆಲ್ಬಮ್ಮು ಮಾರಿ ಮೂರು ತಿಂಗಳಲ್ಲಿ ಕೊಡುತ್ತೇನೆ ಅಂದೆ. "ಕೊಡ್ರಿ. ಬ್ಯಾಡ ಅನ್ನಂಗಿಲ್ಲ ನಾ. ಹದಿನೆಂಟು ತಿಂಗ್ಳ ಚಾ ಸುದ್ದಾ ಹೊರಗ ಕುಡದಿಲ್ಲ." ಡಬ್ಬಿ ಬ್ಯಾಗಿಗೆ ಹಾಕುತ್ತ, "ಗ್ರೂಪಿನ್ಯಾಗ ನೀವಽ ಹೇಳ್ರಿ. ನಾ ಹೇಳಂಗಿಲ್ಲ." ಇವರು ಮಧ್ಯಾಹ್ನ ಊಟಕ್ಕೆ ಬಂದವರು ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. ಈ ಸಲವೂ ಬೈಯಲಿಲ್ಲ. ಎಷ್ಟು ದಿನ ಮಾತಿಲ್ಲವೋ.

ಊಟ ಮಾಡಿದಳು. ಎರಡು ಹೋಳಿಗೆ ತಿಂದಳು, ಅತ್ತೆ ಬಡಿಸಿದ್ದಕ್ಕೆ. ಕಾರ್ಡು ತಾನೇ ಒಯ್ಯುತ್ತೇನೆ ಅಂದಳು. ಇಂಡಿಪಂಪಿನವರೆಗೆ ಇಬ್ಬರೂ ನಡೆದೆವು. ಗುರುಸಿದ್ದಯ್ಯ ಅಂಗಡಿಯಿಂದ ಕೈ ಮುಗಿದರು. ಆಟೋ ಬಂತು. ಹತ್ತಿ ಕುಳಿತವಳು ಹೊರಗೆ ಮುಖ ಹಾಕಿದಳು.

"ಆರು ದಿನ ಕೈಯಾಗ ಹಿಡದೀರಿ. ನಂಗ ಒಂದು ದಿನಾನೂ ಸಿಗಲಿಲ್ಲ. ಹೆಂಗಿತ್ತು ಹೇಳ್ರಿ."

"ಏನು?"

"ಬರೇ ಕೈಯಾಗ. ಪ್ಲಾಸ್ಟಿಕ್ ಇಲ್ದಾಗ. ಹೆಂಗಿತ್ತು?"

ಆಟೋದ ಕಂಬಿ ಹಿಡಿದು ನಿಂತುಬಿಟ್ಟೆ. ಇಷ್ಟು ದಿನ ನಾನು ಹೆದರಿದ್ದು ಬೈಗುಳಕ್ಕೆ, ಪೊಲೀಸರಿಗೆ, ಗ್ರೂಪಿಗೆ. ಈ ಪ್ರಶ್ನೆಗೆ ಹೆದರಬೇಕೆಂದು ಗೊತ್ತೇ ಇರಲಿಲ್ಲ. "ಬರದು ಕಳಸ್ರಿ ಹಂಗಾರ. ಸುಳ್ಳ ಬರೀಬ್ಯಾಡ್ರಿ" ಅಂದಳು. ಆಟೋ ಹೋಯಿತು.

ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಇಲ್ಲಿ, ಆಮೇಲೆ ಅವಳಿಗೆ.

ಶಮೀಮ. ಅದಕ್ಕೆ ತೂಕವೇ ಇರಲಿಲ್ಲ. ಮೂಲೆಗಳು ಚೂಪು, ಒತ್ತಿ ಹಿಡಿಯಲು ಭಯವಾಗುತ್ತಿತ್ತು. ಹೊಸ ಪುಸ್ತಕ ಬಿಚ್ಚಿದಾಗಿನ ವಾಸನೆ ಸ್ವಲ್ಪ. ಬೆಳಕಿಗೆ ಓರೆಯಾಗಿ ಹಿಡಿದರೆ ಸಹಿಯ ಶಾಯಿ ಕೂದಲೆಳೆಯಷ್ಟು ಮೇಲೆದ್ದು ಕಾಣುತ್ತಿತ್ತು, ಪೆನ್ನು ಎತ್ತಿದ ಕಡೆ ಒಂದು ಸಣ್ಣ ಚುಕ್ಕೆ. ಅವಳು ಅವಸರದಲ್ಲಿದ್ದಳೇನೋ. ಮುಟ್ಟಬಾರದು ಎಂದು ಗೊತ್ತಿತ್ತು. ಮೂರನೆಯ ಸಂಜೆ ಕಣ್ಣು ಮುಚ್ಚಿ ಆ ಚುಕ್ಕೆಯ ಮೇಲೆ ಬೆರಳು ಇಟ್ಟೆ. ಅದು ಎಳ್ಳಿಗಿಂತ ಸಣ್ಣದು, ಆ ನುಣುಪಿನಲ್ಲಿ ಅದೊಂದೇ ಒರಟು, ಇನ್ನು ಯಾರ ಬೆರಳಿಗೂ ಸಿಗದು.